ಬಲಗೆನ್ನೆಗೆ ದಾಟಿದ ಮಚ್ಚೆ

ತೀರಿಕೊಂಡ ಒಬ್ಬರ ಎಡಗೆನ್ನೆಯ ಮಚ್ಚೆಯನ್ನು ನಾನು ಬಲಗೆನ್ನೆಗೆ ದಾಟಿಸಿದ್ದೆ. ಅದರಿಂದ ಅವರ ಹೆಂಡತಿಯ ಎರಡು ಎಕರೆ ಗದ್ದೆ ಇನ್ನೇನು ಕೈತಪ್ಪುವುದರಲ್ಲಿತ್ತು. ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆಯಲು ಹೊರಟ ಹೊಸಬರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಶಿಕಾರಿಪುರ, ಸೊರಬದ ಫೋಟೋಗ್ರಾಫರ್ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮಚ್ಚೆಯೇ. ಅವರು ಬಯಸಿದ್ದು ನನಗೆ ಹೊದೆಸಿದ ಶಾಲುಗಳ ಕಥೆ ಇರಬಹುದು. ಶಾಲುಗಳ ಮೇಲೆ ನನ್ನ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ. ಅವುಗಳ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ನನ್ನ ಒಂದು ಚಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾರನ್ನು ಕಂಡರೂ ಎರಡು ನಿಮಿಷದಲ್ಲಿ ಅವರ ದನಿ, ಅವರ ಕುತ್ತಿಗೆ, ಅವರು ಮೂಗು ಎಳೆಯುವ ರೀತಿ ನನ್ನ ಮೈಮೇಲೆ ಬಂದುಬಿಡುತ್ತದೆ. ಎಪ್ಪತ್ತು ದಾಟಿದರೂ ಹೋಗಿಲ್ಲ. ಮೊನ್ನೆ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ ದನಿಯಲ್ಲಿ ಕರೆದು ನರ್ಸಮ್ಮನನ್ನು ಎರಡು ಸಲ ಒಳಗೆ ಓಡಿಸಿ ಬೈಸಿಕೊಂಡೆ. ಇಪ್ಪತ್ತರ ಹರೆಯದಲ್ಲಂತೂ ನನ್ನ ಸ್ವಂತ ದನಿ ಯಾವುದೆಂದು ನಮ್ಮ ತಾಯಿಗೇ ಅನುಮಾನವಿತ್ತು.

ಈ ಚಟವೇ ನನಗೆ ಕೆಲಸ ಕೊಡಿಸಿತು. ಶಿಕಾರಿಪುರದ ಪೇಟೆಯಲ್ಲಿ ಖಾದರ್ ಸಾಬರ ಸ್ಟುಡಿಯೋ ಇತ್ತು. ಗಾಜಿನ ಪ್ಲೇಟಿನ ಕಾಲದಿಂದ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತ ಬಂದವರು. ಮಾತು ಬಹಳ ಕಡಿಮೆ. ಮದುವೆ ಗಂಡು ಬಂದು ಕೂತರೂ ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿ, "ಉಸಿರು ಬಿಡಬೇಡಿ" ಎನ್ನುತ್ತಿದ್ದರು. ಗಂಡು ಬೆವರುತ್ತಿದ್ದ. ಮುಖಗಳನ್ನು ಸಡಿಲಿಸಲು ಒಬ್ಬ ಬೇಕಾಗಿತ್ತು. ನಾನು ಸೇರಿದೆ. ಫೋಟೋ ಕಲಿತದ್ದು ಆಮೇಲೆ.

ನಮ್ಮ ಕೆಲಸಕ್ಕೆ ಇಂಥದ್ದೇ ಎಂಬ ಗೆರೆ ಇರಲಿಲ್ಲ. ಬೆಳಿಗ್ಗೆ ಬಟ್ಟೆ ಅಂಗಡಿಯ ಜಾಹೀರಾತು, ಮಧ್ಯಾಹ್ನ ಪೊಲೀಸರ ಜೊತೆ ಹೋಗಿ ಕೆರೆಯಿಂದ ಎತ್ತಿದ ಹೆಣ, ಸಂಜೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಕಳಿಸುವ ಫೋಟೋ. ಜಿಲ್ಲಾ ಪತ್ರಿಕೆಯೊಂದಕ್ಕೆ ನಾನೇ ಸುದ್ದಿಚಿತ್ರ ಕಳಿಸುತ್ತಿದ್ದೆ. ಬಳ್ಳಿಗಾವಿಯ ಹಳೆಯ ದೇವಸ್ಥಾನ ನೋಡಲು ದೊಡ್ಡ ಅಧಿಕಾರಿಯೊಬ್ಬರು ಬಂದಾಗ ಅವರನ್ನು ಹತ್ತು ಕಂಬಗಳಿಗೆ ಒರಗಿಸಿ ಹತ್ತು ಫೋಟೋ ತೆಗೆದೆ. ಡಾರ್ಕ್‌ರೂಮಿನಲ್ಲಿ ನೋಡಿದರೆ ರೀಲು ಕ್ಯಾಮೆರಾದೊಳಗಿನ ಗಾಲಿಗೆ ಸಿಕ್ಕೇ ಇಲ್ಲ. ಹತ್ತೂ ಖಾಲಿ. ಖಾದರ್ ಸಾಬರು ರೀಲನ್ನು ಬೆಳಕಿಗೆ ಹಿಡಿದು, "ಅಧಿಕಾರಿ ಬಂದಿರಲಿಲ್ಲ ಅಂತ ಬರಿ" ಎಂದರು.

ಇನ್ನೊಮ್ಮೆ ಗುಡವಿಯ ಹಕ್ಕಿಗಳ ಚಿತ್ರ ಕಳಿಸಿದೆ. ಅವತ್ತು ಗಾಳಿಯಿಲ್ಲದೆ ಕೆರೆ ಎಷ್ಟು ತಿಳಿಯಾಗಿತ್ತೆಂದರೆ ಹಕ್ಕಿಗಿಂತ ನೀರಿನಲ್ಲಿ ಅದರ ಬಿಂಬವೇ ಚೊಕ್ಕವಾಗಿ ಬಂದಿತ್ತು. ಪತ್ರಿಕೆಯವರು ಚಿತ್ರವನ್ನು ತಲೆಕೆಳಗಾಗಿ ಅಚ್ಚು ಹಾಕಿದರು. ಯಾರೂ ಗುರುತಿಸಲಿಲ್ಲ. ಗುಡವಿಯ ಒಬ್ಬ ಯಜಮಾನರು ಮಾತ್ರ ಸಿಕ್ಕಾಗ, "ಏನ್ ಪರಮೇಶಿ, ನಮ್ಮೂರ ಹಕ್ಕಿಗಳೆಲ್ಲ ಬಾವಲಿ ಆಗ್ಯಾವಂತೆ" ಎಂದರು. ನಾನು ಅದನ್ನೇ ಅವರ ದನಿಯಲ್ಲಿ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದೆ. ಚಿತ್ರ ಹಿಂದುಮುಂದಾಗುವುದು ನಗುವ ವಿಷಯವೆಂದೇ ಆಗ ನಾನು ತಿಳಿದಿದ್ದೆ.

ಆ ಸಮಯಕ್ಕೆ ಸರಿಯಾಗಿ ಗೊಬ್ಬರದಂಗಡಿ ಶಿವಣ್ಣ ಬಂದ. ಅವನಿಗೆ ಕ್ಯಾಲೆಂಡರ್ ಆಗಬೇಕಿತ್ತು. ಮೂರು ಹಾಳೆ, ಮೂರು ಚಿತ್ರ: ಉಳುಮೆ, ನಾಟಿ, ಕೊಯ್ಲು. ಮೂರರಲ್ಲೂ ಒಬ್ಬನೇ ರೈತ ಇರಬೇಕು, ಅವನ ಬೆಳೆ ಕಣ್ಣಿಗೆ ಹಬ್ಬವಾಗಬೇಕು. ಚಂದ್ರಗುತ್ತಿ ಗುಡ್ಡ ಕಾಣುವ ಒಂದು ಹಳ್ಳಿಯಲ್ಲಿ ಅಂಥ ಗದ್ದೆಯಿದೆಯೆಂದು ಅವನೇ ಹೇಳಿದ. ಗದ್ದೆ ಮಾಡುತ್ತಿದ್ದವರು ತಿಮ್ಮಪ್ಪ, ಅವರ ಹೆಂಡತಿ ಗಂಗಮ್ಮ. ಗದ್ದೆಯ ಒಡೆಯರು ಬೇರೆ. ಇವರು ಗೇಣಿಗೆ ಮಾಡುತ್ತಿದ್ದರು. ಮಳೆಗಾಲದ ಆರಂಭದಿಂದ ಕೊಯ್ಲಿನವರೆಗೆ ನಾನು ಮೂರು ಸಲ ಬಸ್ಸು ಹತ್ತಿ ಹೋಗಿ ಬಂದೆ. ಗಂಗಮ್ಮ ಮೂರು ಸಲವೂ ಮೊದಲು ಊಟ ಹಾಕಿ, "ಈಗ ತೆಗಿ, ಹಸಿದ ಕೈ ನಡುಗ್ತದೆ" ಎನ್ನುತ್ತಿದ್ದರು. ಕೊಯ್ಲಿನ ಚಿತ್ರ ನನ್ನ ಕೈಯಿಂದ ಬಂದ ಒಳ್ಳೆಯ ಚಿತ್ರಗಳಲ್ಲೊಂದು. ತಿಮ್ಮಪ್ಪ ಬಲಗೈಯಲ್ಲಿ ಕುಡುಗೋಲು ಹಿಡಿದು ಅರ್ಧ ಎದ್ದು ನಿಂತಿದ್ದಾರೆ. ಹಿಂದೆ ಎಡಕ್ಕೆ ದೂರದಲ್ಲಿ ಗುಡ್ಡ, ಬಲಕ್ಕೆ ಬದುವಿನ ಮೇಲೆ ಒಂಟಿ ಹುಣಸೆಮರ.

ಶಿವಣ್ಣನಿಗೆ ಹಿಡಿಸಲಿಲ್ಲ. "ಅಂಗಡಿ ಹೆಸರು ಬರೋದು ಬಲಗಡೆ. ಮೂರರಲ್ಲೂ ಇವರು ಎಡಗಡೆ ಮುಖ ಮಾಡ್ಯಾರ. ನನ್ನಂಗಡಿಗೆ ಬೆನ್ನು ಹಾಕಿ ನಿಂತ ರೈತನ್ನ ನಾನೇ ದುಡ್ಡು ಕೊಟ್ಟು ಅಚ್ಚು ಹಾಕಿಸಲೇನ್ರಿ?"

ಇದಕ್ಕೆ ನಮ್ಮಲ್ಲಿ ಸುಲಭದ ಮದ್ದಿತ್ತು. ಫೋಟೋ ದೊಡ್ಡದು ಮಾಡುವ ಯಂತ್ರದೊಳಗೆ ನೆಗೆಟಿವನ್ನು ಮಗುಚಿ ಹಾಕಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗುತ್ತದೆ. ಮೂರನ್ನೂ ಮಗುಚಿದೆ. ತಿಮ್ಮಪ್ಪ ಶಿವಣ್ಣನ ಅಂಗಡಿಯತ್ತ ತಿರುಗಿದರು. ಮುಂದೆ ಮತ್ತೆ ಪ್ರತಿ ಬೇಕಾದರೆ ನೆನಪಿರಲಿ ಎಂದು ನೆಗೆಟಿವಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ "ತಿರುಗಿಸಿ" ಎಂದು ಬರೆದಿಟ್ಟೆ. ಹೊಸ ವರ್ಷಕ್ಕೆ ಕ್ಯಾಲೆಂಡರ್ ಬಂತು. ಸೊರಬದ ಹೋಟೆಲುಗಳಲ್ಲೆಲ್ಲ ತಿಮ್ಮಪ್ಪ ನೇತಾಡಿದರು.

ಆ ವರ್ಷವೇ ಅವರು ಜ್ವರದಲ್ಲಿ ತೀರಿಕೊಂಡರು. ಗಂಗಮ್ಮ ಸ್ಟುಡಿಯೋಕ್ಕೆ ಬಂದು, ಮನೆಯಲ್ಲಿಡಲು ಒಂದು ದೊಡ್ಡ ಫೋಟೋ ಬೇಕೆಂದರು. ಕೊಯ್ಲಿನ ನೆಗೆಟಿವ್ ತೆಗೆದೆ. ಲಕೋಟೆಯ ಮೇಲೆ ನನ್ನದೇ ಅಪ್ಪಣೆಯಿತ್ತು, ಯೋಚಿಸದೆ ಪಾಲಿಸಿದೆ. ಅವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ತಮಾ, ಇವರು ನಮ್ಮೋರಂಗೆ ಕಾಣ್ತಿಲ್ಲ."

"ಮತ್ತೆ ಯಾರ ಹಂಗೆ ಕಾಣ್ತಾರೆ, ಅಕ್ಕಾ?"

"ಅವರ ಮಚ್ಚೆ ಈ ಕಡೆ ಇತ್ತು." ಅವರು ತಮ್ಮ ಎಡಗೆನ್ನೆ ಮುಟ್ಟಿಕೊಂಡರು.

ಮಾತು ನಿಲ್ಲಿಸಿ ಲಕೋಟೆಯನ್ನು ಇನ್ನೊಮ್ಮೆ ನೋಡಿದ್ದರೆ ಮುಗಿಯುತ್ತಿತ್ತು. ನನಗೆ ಪೇಟೆಯ ನಾಲ್ಕು ಜನ ಗಿರಾಕಿಗಳು ಎದುರಿಗಿದ್ದರು, ಅವರನ್ನು ನಗಿಸುವುದೇ ಹೆಚ್ಚಾಯಿತು. "ಅಕ್ಕಾ, ನನ್ನ ಕ್ಯಾಮೆರಾಕ್ಕೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ಮ ಕಣ್ಣಿಗೊಂದು ತೊಟ್ಟು ಎಣ್ಣೆ ಬಿಟ್ಕೊಳ್ಳಿ" ಎಂದೆ. ಎಲ್ಲರೂ ನಕ್ಕರು. ಅವರು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಅವರು ಹೋದ ಮೇಲೆ, "ನಮ್ಮೋರಂಗೆ ಕಾಣ್ತಿಲ್ಲ" ಎಂಬುದನ್ನು ಅವರ ದನಿಯಲ್ಲೇ ಮಾಡಿ ತೋರಿಸಿದೆ. ಬಹಳ ಚೆನ್ನಾಗಿ ಬಂದಿತ್ತಂತೆ.

ಕೆಲವು ಕಾಲದ ಮೇಲೆ ಉಳುವವರಿಗೇ ಭೂಮಿ ಎಂಬ ಕಾನೂನು ಬಂತು. ಗೇಣಿದಾರರೆಲ್ಲ ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ನಿಲ್ಲತೊಡಗಿದರು. ಒಂದು ಮಧ್ಯಾಹ್ನ ಗಂಗಮ್ಮ ಮತ್ತೆ ಸ್ಟುಡಿಯೋದ ಬಾಗಿಲಲ್ಲಿ ಕಂಡರು. ಕೂತುಕೊಳ್ಳಲಿಲ್ಲ.

"ತಮಾ, ನೀನು ತೆಗೆದ ಫೋಟೋ ನಮ್ಮ ಗದ್ದೆದೇ ಅಲ್ವಂತೆ."

ಅವರು ಹೇಳಿದ್ದು ಇಷ್ಟು. ಗೇಣಿ ಬಾಯಿಮಾತಿನದು, ಪಹಣಿಯಲ್ಲಿ ತಿಮ್ಮಪ್ಪನ ಹೆಸರಿಲ್ಲ. ಊರಿನವರಲ್ಲಿ ಅರ್ಧ ಜನ ಒಡೆಯರ ಕೆಲಸದವರು, ಬಾಯಿ ಬಿಡರು. ಅವರ ಕೈಯಲ್ಲಿದ್ದ ಸಾಕ್ಷಿ ಒಂದೇ, ಶಿವಣ್ಣನ ಕ್ಯಾಲೆಂಡರ್. ಅದರಲ್ಲಿ ವರ್ಷ ಅಚ್ಚಾಗಿದೆ. ಉಳುಮೆ, ನಾಟಿ, ಕೊಯ್ಲು ಮೂರರಲ್ಲೂ ಗಂಡ ಇದ್ದಾರೆ. ಅದನ್ನು ಮಂಡಳಿಯ ಮೇಜಿನ ಮೇಲೆ ಹರಡಿದಾಗ ಒಡೆಯರ ಕಡೆಯಿಂದ ಅವರ ಅಳಿಯ ಎದ್ದುನಿಂತರಂತೆ. ಈ ಗದ್ದೆಯಲ್ಲಿ ನಿಂತರೆ ಗುಡ್ಡ ಎಡಕ್ಕೆ, ಹುಣಸೆಮರ ಬಲಕ್ಕೆ ಕಾಣಬೇಕು. ಚಿತ್ರದಲ್ಲಿ ಗುಡ್ಡ ಬಲಕ್ಕೆ, ಮರ ಎಡಕ್ಕೆ. ಹಾಗೆ ಕಾಣುವುದು ಮರದಾಚೆಯ ಗದ್ದೆಯಿಂದ. ಆ ಗದ್ದೆ ನಾವೇ ಮಾಡಿಸುವುದು, ತಿಮ್ಮಪ್ಪ ಅಲ್ಲಿಗೆ ಕೂಲಿಗೆ ಬರುತ್ತಿದ್ದ. ಬೇಕಾದರೆ ಹೋಗಿ ನೋಡಿ, ಎಂದರಂತೆ.

"ಅವರು ಹೇಳಿದಂಗೇ ಐತೆ ಫೋಟೋದಲ್ಲಿ," ಗಂಗಮ್ಮ ಹೇಳಿದರು. "ನಾ ನಾಟಿ ಮಾಡಿದ ಗದ್ದೆ ನಂಗೇ ಗುರುತು ಸಿಗಲಿಲ್ಲ. ಫೋಟೋ ತೆಗೆದೋರನ್ನ ಕರ್ಕೊಂಬಾ ಅಂದಾರೆ ಎ.ಸಿ. ಸಾಹೇಬ್ರು. ಬರೋ ಸೋಮವಾರ. ನೀ ಬರದಿದ್ರೆ ಅರ್ಜಿ ವಜಾ."

ಲಕೋಟೆ ಹುಡುಕಿ ತೆಗೆದೆ. "ತಿರುಗಿಸಿ."

ಅವರಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. "ಬರ್ತೀನಕ್ಕಾ" ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದೆ. ತಿರುಗಿ ಬಂದರೆ ಖಾದರ್ ಸಾಬರು ಲಕೋಟೆಯನ್ನು ಕೈಯಲ್ಲಿ ಹಿಡಿದು ಕೂತಿದ್ದರು.

"ಯಾರು ಬರೆದಿದ್ದು?"

"ನಾನೇ, ಸಾಬ್ರೆ."

"ನಾನು ಪೊಲೀಸರಿಗೆ ಫೋಟೋ ತೆಗೀತೀನಿ. ಬರೋ ತಿಂಗಳು ಕೊಲೆ ಕೇಸೊಂದರಲ್ಲಿ ಶಿವಮೊಗ್ಗಕ್ಕೆ ಹೋಗಿ ನಿಲ್ಲಬೇಕು. ರಕ್ತ ಯಾವ ಗೋಡೆಗಿತ್ತು, ಕತ್ತಿ ಯಾವ ಕೈ ಹತ್ರ ಇತ್ತು, ಎಲ್ಲ ನನ್ನ ಫೋಟೋ ನೋಡಿ ಹೇಳ್ತಾರೆ. ಈ ಸ್ಟುಡಿಯೋದೋರು ಎಡಾನ ಬಲ ಮಾಡ್ತಾರೆ ಅಂತ ಸೊರಬದಲ್ಲಿ ಸರ್ಕಾರಿ ಕಾಗದದ ಮೇಲೆ ಬಂದ್ರೆ ಅಲ್ಲಿ ವಕೀಲ ನನ್ನ ಬಿಡ್ತಾನಾ?"

ನನಗೆ ದಾರಿಯಲ್ಲಿ ಹೊಳೆದಿದ್ದ ಉಪಾಯ ಹೊರಗೆ ಹಾಕಿದೆ. "ಕ್ಯಾಲೆಂಡರ್ ಪ್ರೆಸ್ಸಿನೋರು ತಿರುಗಿಸಿಬಿಟ್ರು ಅಂದ್ರೆ? ನೆಗೆಟಿವ್ ತೋರಿಸಿದ್ರೆ ಗಂಗಮ್ಮನ ಕೆಲಸ ಆಗ್ತದೆ. ನಮ್ಮ ಹೆಸರೂ ಉಳೀತದೆ."

ಸಾಬರು ಲೆನ್ಸ್ ಒರೆಸುವ ಬಟ್ಟೆಯಲ್ಲಿ ತಮ್ಮ ಭೂತಗನ್ನಡಿ ಒರೆಸಿ ಲಕೋಟೆಯ ಜೊತೆ ನನ್ನ ಮುಂದಿಟ್ಟರು. "ಹೋಗಿ ಬಾ. ಏನು ಹೇಳ್ತೀಯೋ ಹೇಳು. ನಿನಗೆ ಹತ್ತು ದನಿ ಬರ್ತಾವೆ, ಒಂದು ಆರಿಸ್ಕೋ."

ಸೋಮವಾರ ಸೊರಬದ ಕಚೇರಿಯ ಜಗುಲಿಯಲ್ಲಿ ನೂರಾರು ಜನ. ಒಳಗೆ ವಕೀಲರಿಗೆ ಪ್ರವೇಶವಿರಲಿಲ್ಲ, ಅವರವರ ಮಾತು ಅವರವರೇ ಆಡಬೇಕು. ಮಂಡಳಿಯ ಅಧ್ಯಕ್ಷರಾದ ಎ.ಸಿ. ಸಾಹೇಬರಿಗೆ ಪ್ರತಿ ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಹೊರಗೆ ಕಾಯುತ್ತ ಕೂತ ನನಗೂ ಅದು ಕೇಳಿಸುತ್ತಿತ್ತು. ಭಯ ಮರೆಯಲು ಅದನ್ನೇ ಪಕ್ಕದವರಿಗೆ ಮಾಡಿ ತೋರಿಸುತ್ತಿದ್ದೆ. ನಕ್ಕವರಲ್ಲಿ ಸಾಹೇಬರ ಜವಾನನೂ ಒಬ್ಬನೆಂದು ಅವನು ನಮ್ಮ ಹೆಸರು ಕೂಗಿದಾಗ ಗೊತ್ತಾಯಿತು.

ಮೇಜಿನ ಹಿಂದೆ ಸಾಹೇಬರು, ಅಕ್ಕಪಕ್ಕ ಸದಸ್ಯರು. ಒಂದು ಬದಿಗೆ ಅಳಿಯ, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲಿ ಫೈಲು. ಇನ್ನೊಂದು ಬದಿಗೆ ಗಂಗಮ್ಮ, ಕೈಯಲ್ಲಿ ಬಟ್ಟೆ ಚೀಲ. ಸಾಹೇಬರು ನನ್ನ ಹೆಸರು ಕೇಳಿದರು. ಹೇಳುವ ಮೊದಲು ಗಂಟಲು ಸರಿಮಾಡಿಕೊಂಡೆ, ಎರಡು ಸಲ. ದೇವರಾಣೆ ಬೇಕೆಂದು ಮಾಡಿದ್ದಲ್ಲ. ಪಾಪಿ ಗಂಟಲು ಬೆಳಗಿನಿಂದ ಅದನ್ನೇ ಅಭ್ಯಾಸ ಮಾಡಿತ್ತು. ಬಾಗಿಲಲ್ಲಿ ಜವಾನ ತಲೆ ತಗ್ಗಿಸಿದ. ಸಾಹೇಬರು ಕ್ಯಾಲೆಂಡರನ್ನು ನನ್ನತ್ತ ತಿರುಗಿಸಿದರು.

"ಈ ಚಿತ್ರಗಳನ್ನು ನೀವು ತೆಗೆದದ್ದು ಯಾವ ಗದ್ದೆಯಲ್ಲಿ?"

"ಗಂಗಮ್ಮನವರ ಗದ್ದೆಯಲ್ಲಿ, ಸಾರ್. ಮರದ ಈಚೆ."

ಅಳಿಯ ನಕ್ಕರು. "ಹಾಗಾದರೆ ಗುಡ್ಡ ಎದ್ದು ಆ ಕಡೆ ಹೋಗಿ ಕೂತಿತ್ತೇನ್ರಿ ಅವತ್ತು?"

ನಾನು ನೆಗೆಟಿವ್ ತೆಗೆದು ಸಾಹೇಬರಿಗೆ ಕೊಟ್ಟೆ, ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದೆ. ಫಿಲಂನ ಅಂಚಿನಲ್ಲಿ ಕಂಪನಿಯವರು ಮೊದಲೇ ಒತ್ತಿದ ಅಂಕಿ, ಅಕ್ಷರಗಳಿರುತ್ತವೆ. ಅವು ನೆಟ್ಟಗೆ ಓದಲು ಬರುವ ಹಾಗೆ ಹಿಡಿದರೆ ಚಿತ್ರ ಕ್ಯಾಮೆರಾ ಕಂಡ ಹಾಗೇ ಇರುತ್ತದೆ, ಅದನ್ನು ಯಾರೂ ಬದಲಿಸಲಾರರು. ಸಾಹೇಬರು ಭೂತಗನ್ನಡಿಯಲ್ಲಿ ಅಂಕಿ ಓದಿದರು. ಗುಡ್ಡ ಎಡಕ್ಕಿತ್ತು. ಪಕ್ಕದ ಸದಸ್ಯರಿಗೆ ಕೊಟ್ಟರು.

"ಹಾಗಾದರೆ ಕ್ಯಾಲೆಂಡರಿನಲ್ಲಿ ಹೀಗೆ ಹೇಗೆ ಬಂತು?"

ಬಾಯಲ್ಲಿ ಮಾತು ಸಿದ್ಧವಿತ್ತು. "ಸಾರ್, ಪ್ರೆಸ್ಸಿನೋರು..."

"ಪ್ರೆಸ್ಸಿನವರನ್ನ ಕರೆಸಿ ಕೇಳಿ ಸಾರ್," ಅಳಿಯ ಥಟ್ಟನೆ ನಡುವೆ ಬಾಯಿ ಹಾಕಿದರು. "ಈ ನೆಗೆಟಿವ್ ಆಮೇಲೆ ಹುಟ್ಟಿದ್ದಲ್ಲ ಅಂತ ಏನು ಗ್ಯಾರಂಟಿ? ಇನ್ನೊಂದು ತಾರೀಕು ಕೊಡಿ. ನಮಗೇನೂ ಅವಸರ ಇಲ್ಲ."

ಅವರಿಗೆ ಅವಸರವಿರಲಿಲ್ಲ. ಇನ್ನೊಂದು ತಾರೀಕು, ಆಮೇಲೆ ಮತ್ತೊಂದು. ಪ್ರೆಸ್ಸಿನವರು ಬಂದು, ನಾವು ಕೊಟ್ಟದ್ದನ್ನೇ ಅಚ್ಚು ಹಾಕಿದೆವು ಎಂದರೆ ನನ್ನ ನೆಗೆಟಿವನ್ನೂ ಯಾರು ನಂಬುತ್ತಾರೆ? ನಾನು ಅದನ್ನು ಲೆಕ್ಕ ಹಾಕುತ್ತ ನಿಂತಿದ್ದಾಗ ಗಂಗಮ್ಮ ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ನಾನು ಮಾಡಿಕೊಟ್ಟ ದೊಡ್ಡ ಫೋಟೋ. ಹಿಂದೆ ನಮ್ಮ ಸ್ಟುಡಿಯೋದ ಮೊಹರು.

"ಇದು ಪ್ರೆಸ್ಸಿಂದಲ್ಲ ಸಾಹೇಬ್ರೆ. ಇವನೇ ಮಾಡಿಕೊಟ್ಟಿದ್ದು. ಇದರಾಗೂ ನಮ್ಮೋರು ಎಡಗೈಲಿ ಕುಡುಗೋಲು ಹಿಡಿದಾರೆ. ಅವರು ಎಡಚರಲ್ಲ. ಮಚ್ಚೇನೂ ಈ ಕಡೆ ಬಂದೈತೆ. ನಾ ಅವತ್ತೇ ಹೇಳಿದ್ದೆ."

"ಅದಕ್ಕೆ ಇವರು ಏನು ಹೇಳಿದರು?" ಸಾಹೇಬರು ಕೇಳಿದರು.

ಗಂಗಮ್ಮ ನನ್ನತ್ತ ತಿರುಗಿದರು. ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಒಂದು ಬದಿಗೆ ಓರೆ ಮಾಡಿ, ಹುಬ್ಬು ಹಾರಿಸಿ ಹೇಳಿದರು: "ಅಕ್ಕಾ, ನನ್ನ ಕ್ಯಾಮೆರಾಕ್ಕೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ಮ ಕಣ್ಣಿಗೊಂದು ತೊಟ್ಟು ಎಣ್ಣೆ ಬಿಟ್ಕೊಳ್ಳಿ."

ನನ್ನ ದನಿ. ಕೊನೆಯಲ್ಲಿ ನಾಲಿಗೆ ಚಪ್ಪರಿಸುವುದೂ ಸೇರಿ. ಸದಸ್ಯರು ನಕ್ಕುಬಿಟ್ಟರು, ಜವಾನ ಹೊರಗೆ ಓಡಿದ. ನಾನು ಊರನ್ನೆಲ್ಲ ಅಣಕಿಸಿದ್ದೆ. ಅಣಕಿಸಿಕೊಂಡವರಿಗೆ ಒಳಗೆ ಹೇಗಾಗುತ್ತದೆಂದು ಅವತ್ತಿನವರೆಗೆ ಗೊತ್ತಿರಲಿಲ್ಲ. ಗಂಗಮ್ಮ ನಗಲಿಲ್ಲ. ಕಾಯುತ್ತ ನಿಂತರು.

"ಪ್ರೆಸ್ಸಿನವರದಲ್ಲ ಸಾರ್, ನನ್ನ ತಪ್ಪು," ಎಂದೆ. ಆ ದನಿ ಯಾರದೂ ಆಗಿರಲಿಲ್ಲ, ನನಗೇ ಗುರುತು ಸಿಗಲಿಲ್ಲ. ಶಿವಣ್ಣ ಕೇಳಿದ್ದು, ನಾನು ಮಗುಚಿದ್ದು, ಎಲ್ಲ ಹೇಳಿ ಲಕೋಟೆಯನ್ನು ಮುಂದಿಟ್ಟೆ. ಪೆನ್ಸಿಲಿನ ಅಕ್ಷರ ಮಾಸಿತ್ತು, ಓದಲು ಬರುತ್ತಿತ್ತು. ಇನ್ನೂ ಎರಡು ನೆಗೆಟಿವ್‌ಗಳಿದ್ದವು, ಉಳುಮೆಯದು ಮತ್ತು ನಾಟಿಯದು. ಮೂರರಲ್ಲೂ ಗುಡ್ಡ ಎಡಕ್ಕೆ, ಮರ ಬಲಕ್ಕೆ, ನಡುವೆ ತಿಮ್ಮಪ್ಪ.

ಸಾಹೇಬರು ಅಳಿಯನನ್ನು ಕೇಳಿದರು: "ಉಳುವಾಗಲೂ ಇವರೇ, ನೆಡುವಾಗಲೂ ಇವರೇ, ಕೊಯ್ಯುವಾಗಲೂ ಇವರೇ. ನಿಮ್ಮ ಮನೆಯವರು ಯಾರಾದರೂ ಒಂದರಲ್ಲಾದರೂ ಇದ್ದಾರೆಯೇ?" ಅಳಿಯ ಫೈಲು ತಿರುವಿದರು. ತಿರುವುತ್ತಲೇ ಇದ್ದರು.

ನಾನು ಹೊರಡುವಾಗ ಸಾಹೇಬರು ಗಂಟಲು ಸರಿಮಾಡಿಕೊಂಡರು, ಎರಡು ಸಲ. "ನೀವು ನನ್ನದನ್ನೂ ಮಾಡ್ತೀರಂತೆ. ಆ ಅಮ್ಮನ ಹತ್ತಿರ ಸ್ವಲ್ಪ ಕಲೀರಿ."

ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಖಾದರ್ ಸಾಬರು ಹೆದರಿದ್ದೇ ಆಯಿತು. ವಕೀಲರು ಸೊರಬದ ಕಥೆಯನ್ನೆತ್ತಿ, ಇದನ್ನೂ ತಿರುಗಿಸಿದ್ದೀರೇನು ಎಂದು ಎರಡು ಗಂಟೆ ಕಾಡಿದರಂತೆ. ಸಾಬರು ನೆಗೆಟಿವ್ ತೋರಿಸಿ ಗೆದ್ದು ಬಂದರು, ನನಗೆ ಒಂದು ಬಿರುಮಾತೂ ಆಡಲಿಲ್ಲ. ಅಂದಿನಿಂದ ಪೊಲೀಸರಿಗೆ ಕೊಡುವ ಪ್ರತಿ ಫೋಟೋದ ಜೊತೆ ಅಂಚಿನ ಅಂಕಿ ಕಾಣುವ ಚಿಕ್ಕ ಪ್ರತಿಯೊಂದನ್ನು ಅಂಟಿಸುವುದು ನಮ್ಮಲ್ಲಿ ಪದ್ಧತಿಯಾಯಿತು. ಆ ಅಂಟು ಬಳಿಯುವ ಕೆಲಸ ಮಾತ್ರ ಕೊನೆಯವರೆಗೆ ನನಗೇ ಬಿತ್ತು.

ಈಗ ನೆಗೆಟಿವೂ ಇಲ್ಲ, ಅಂಚೂ ಇಲ್ಲ. ನೀವು ಸೆಲ್ಫಿ ತೆಗೆದರೆ ಫೋನು ತನಗೆ ಬೇಕಾದ ಹಾಗೆ ಮಗುಚಿಟ್ಟರೂ ಯಾರೂ ಕೇಳುವುದಿಲ್ಲ. ನಾನು ಬೇಡವೆನ್ನುವುದಿಲ್ಲ. ಯಾರಾದರೂ ಬಂದು, ಇದು ನಮ್ಮವರ ಹಾಗೆ ಕಾಣುತ್ತಿಲ್ಲ ಎಂದರೆ ಮಾತ್ರ ಮೊದಲು ಬಾಯಿ ಮುಚ್ಚಿ, ಆಮೇಲೆ ಮೂಲ ಚಿತ್ರ ತೆರೆದು ನೋಡಿ. ಆ ಮುಖವನ್ನು ಅವರು ನಿಮಗಿಂತ ಹೆಚ್ಚು ದಿನ ನೋಡಿದ್ದಾರೆ.

ಗದ್ದೆ ಗಂಗಮ್ಮನವರ ಹೆಸರಿಗೆ ಆಯಿತು. ಆದೇಶ ಬಂದ ವಾರ ಅವರು ಶಿಕಾರಿಪುರಕ್ಕೆ ಬಂದರು. ನಾನು ಕೊಯ್ಲಿನ ಚಿತ್ರವನ್ನು ನೆಟ್ಟಗೆ ಮಾಡಿ ಚೌಕಟ್ಟು ಹಾಕಿಸಿಟ್ಟಿದ್ದೆ. ತುಟಿ ಬಿಚ್ಚದೆ ಕೈಗೆ ಕೊಟ್ಟೆ. ಹತ್ತಿರ ಹಿಡಿದರು, ದೂರ ಹಿಡಿದರು. ಚಿತ್ರದ ಎಡಗೆನ್ನೆಯ ಮಚ್ಚೆಯ ಮೇಲೆ ಹೆಬ್ಬೆರಳಿಟ್ಟರು.

"ಬಂದ್ರು," ಎಂದರು. ಆಮೇಲೆ ನನ್ನ ಕಡೆ ನೋಡಿ, "ಮಾತಾಡದೆ ಮಾಡಿದೀಯಲ್ಲ, ಅದಕ್ಕೇ ಚೆನ್ನಾಗಿ ಬಂದೈತೆ."

ನಾನು ಮಗುಚಿದ ಹಳೆಯ ಫೋಟೋವನ್ನು ಮೇಜಿನ ಮೇಲೆ ಬಿಟ್ಟು ಹೋದರು. ಅದನ್ನು ಡಾರ್ಕ್‌ರೂಮಿನಲ್ಲಿ ತೂಗುಹಾಕಿದೆ, ಕೆಲಸ ನಿಲ್ಲಿಸಿದ ಮೇಲೆ ಮನೆಗೆ ತಂದೆ. ಬಂದವರು ಯಾರಿವರು, ನಿಮ್ಮ ತಂದೆಯವರೇ ಎಂದು ಕೇಳುತ್ತಾರೆ. ನಾನು ಯಾರ ದನಿಯನ್ನೂ ಮಾಡದೆ ಹೆಸರು ಹೇಳುತ್ತೇನೆ. ನಮ್ಮ ಮನೆಯ ಗೋಡೆಯ ಮೇಲೆ ತಿಮ್ಮಪ್ಪ ಇವತ್ತಿಗೂ ಎಡಗೈಯಲ್ಲಿ ಕುಡುಗೋಲು ಹಿಡಿದು, ತಮ್ಮದಲ್ಲದ ಗದ್ದೆಯಲ್ಲಿ ನಿಂತಿದ್ದಾರೆ.